ಸೀಟಿಗೆ ಹಾಕಿದ ಟವೆಲ್: ಸಂಸೆಯ ತರಗತಿಯಲ್ಲಿ ಹಿಸ್ಟಮಿನ್ ಪಾಠ

ಬಿ.ಇಡಿ. ಇಂಟರ್ನ್‌ಶಿಪ್‌ಗೆ ನನಗೆ ಸಿಕ್ಕಿದ್ದು ಕಳಸದಿಂದ ಕುದುರೆಮುಖದ ಕಡೆ ಹೋಗುವ ದಾರಿಯಲ್ಲಿ, ಸಂಸೆ ಭಾಗದ ಒಂದು ಪ್ರೌಢಶಾಲೆ. ಸುತ್ತ ಕಾಫಿ, ಅಡಿಕೆ, ಮೆಣಸು. ಮಕ್ಕಳಲ್ಲಿ ಅರ್ಧದಷ್ಟು ಮಂದಿ ತೋಟದ ಕೆಲಸಕ್ಕೆ ಹೋಗುವವರ ಮನೆಯವರು, ಉಳಿದವರು ಸಣ್ಣ ಹಿಡುವಳಿದಾರರ ಮನೆಯವರು. ಹತ್ತನೇ ತರಗತಿಯ ‘ನಿಯಂತ್ರಣ ಮತ್ತು ಸಹಭಾಗಿತ್ವ’ ಅಧ್ಯಾಯದಲ್ಲಿ ಹಾರ್ಮೋನುಗಳ ಪಾಠ ಮುಗಿಸಿದ್ದೆ. ರಕ್ತದಲ್ಲಿ ದೂರ ಪ್ರಯಾಣ ಮಾಡುವ ಹಾರ್ಮೋನುಗಳ ಜೊತೆಗೆ, ಹುಟ್ಟಿದ ಜಾಗದ ಆಸುಪಾಸಿನಲ್ಲೇ ಕೆಲಸ ಮುಗಿಸುವ ರಾಸಾಯನಿಕಗಳೂ ದೇಹದಲ್ಲಿವೆ ಎಂದು ಒಂದು ಅವಧಿ ವಿಸ್ತರಣಾ ಪಾಠ ಮಾಡೋಣ ಎನ್ನಿಸಿತು. ಹಿಸ್ಟಮಿನ್ ಆರಿಸಿಕೊಂಡೆ. ಕಣಜ, ಹೆಜ್ಜೇನು, ಕಂಬಳಿಹುಳು ಇಲ್ಲಿನ ಮಕ್ಕಳಿಗೆ ಗೊತ್ತಿಲ್ಲದ್ದಲ್ಲ. ಪೂರ್ವಜ್ಞಾನದ ಕಾಲಂ ತುಂಬಲು ಕಷ್ಟಪಡಬೇಕಾಗಿರಲಿಲ್ಲ.

ಚಾರ್ಟ್ ಚೆನ್ನಾಗಿಯೇ ಬಂದಿತ್ತು. ಒಂದು ಕಡೆ ಕಣಜದ ಚಿತ್ರ, ನಡುವೆ ಹಿಸ್ಟಮಿನ್, ಕೊನೆಯಲ್ಲಿ ಮನೆಮನೆಯಲ್ಲಿರುವ ಮೂರು ಮಾತ್ರೆಗಳ ಹೆಸರು: ಸಿಟ್ರಿಜಿನ್, ಎವಿಲ್, ಅವೊಮಿನ್. ಕೆಳಗೆ ದಪ್ಪ ಅಕ್ಷರದಲ್ಲಿ ‘ಆಂಟಿಹಿಸ್ಟಮಿನ್‌ಗಳು ಹಿಸ್ಟಮಿನ್ನನ್ನು ನಾಶಮಾಡುತ್ತವೆ’ ಎಂದು ಬರೆದಿದ್ದೆ. ಆ ವಾಕ್ಯ ತಪ್ಪು ಎಂದು ನನಗೆ ತಿಳಿಸಿದ್ದು ಎರಡನೇ ಬೆಂಚಿನ ಹುಡುಗಿಯ ಪ್ರಶ್ನೆ. “ಮಿಸ್, ಘಾಟಿಯಲ್ಲಿ ವಾಂತಿ ಆಗಬಾರ್ದು ಅಂತ ಅಮ್ಮ ಅವೊಮಿನ್ ಕೊಡ್ತಾರೆ. ಬಸ್ಸಲ್ಲಿ ಯಾರಿಗೂ ಕಣಜ ಕಚ್ಚಿರಲ್ವಲ್ಲ. ಮತ್ತೆ ಅದು ಯಾವ ಹಿಸ್ಟಮಿನ್ನನ್ನ ನಾಶ ಮಾಡುತ್ತೆ?”

ನಾನು ಉತ್ತರ ಹುಡುಕುತ್ತಿರುವಾಗಲೇ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದ. “ನಮ್ಮ ಮಾವಂಗೆ ಮರಗಸಿ ಮಾಡೋವಾಗ ಕಣಜ ಕಚ್ಚಿ ಮುಖ ಎಲ್ಲ ಊದಿತ್ತು ಮಿಸ್. ಎವಿಲ್ ಕೊಟ್ಟು ಮಲಗಿಸಿದ್ರು. ಸ್ವಲ್ಪ ಹೊತ್ತಿಗೆ ಉಸಿರು ಎಳೀಲಿಕ್ಕೇ ಆಗ್ಲಿಲ್ಲ. ಜೀಪಲ್ಲಿ ಆಸ್ಪತ್ರೆಗೆ ಕರ್ಕೊಂಡು ಹೋದ್ಮೇಲೆ ಉಳ್ಕೊಂಡ್ರು. ಮಾತ್ರೆ ಯಾಕೆ ಕೆಲಸ ಮಾಡ್ಲಿಲ್ಲ?”

“ಡೋಸ್ ಕಡಿಮೆ ಇತ್ತೇನೋ” ಎಂದೆ. ಗಂಟೆ ಹೊಡೆಯಿತು, ಬಚಾವಾದೆ ಎಂದುಕೊಂಡೆ.

ಸಂಜೆ ವೀಕ್ಷಣಾ ಪುಸ್ತಕ ತೆರೆದರೆ ಮಾರ್ಗದರ್ಶಿ ಶಿಕ್ಷಕರು ಕೆಂಪು ಶಾಯಿಯಲ್ಲಿ ಹೀಗೆ ಬರೆದಿದ್ದರು: ‘ಡೋಸ್ ಕಡಿಮೆ ಎಂದಿರಿ. ಮುಂದಿನ ಸಲ ಆ ಮನೆಯಲ್ಲಿ ಎರಡು ಮಾತ್ರೆ ಕೊಟ್ಟು ಕಾಯುತ್ತಾರೆ. ಓದಿಕೊಂಡು ಈ ಪಾಠವನ್ನು ಮತ್ತೊಮ್ಮೆ ಮಾಡಿ.’

ಆ ವಾರ ಓದಿದ್ದನ್ನೂ ಎರಡನೇ ಸಲ ಪಾಠ ಮಾಡಿದ ಬಗೆಯನ್ನೂ ಇಲ್ಲಿ ಬರೆಯುತ್ತಿದ್ದೇನೆ. ಮುಂದಿನ ಬ್ಯಾಚಿನಲ್ಲಿ ಜೀವವಿಜ್ಞಾನದವರಿಗೆ ಮಲೆನಾಡಿನ ಶಾಲೆ ಸಿಕ್ಕರೆ ಈ ಪ್ರಶ್ನೆಗಳು ಬಂದೇ ಬರುತ್ತವೆ.

ಮೊದಲು ಹಿಸ್ಟಮಿನ್. ನಾವು ತಿನ್ನುವ ಪ್ರೋಟೀನಿನಲ್ಲಿ ಹಿಸ್ಟಿಡಿನ್ ಎಂಬ ಅಮೈನೋ ಆಮ್ಲವಿದೆ. ಅದರಿಂದ ಒಂದು ಕಾರ್ಬನ್ ಡೈಆಕ್ಸೈಡ್ ಕಳಚಿದರೆ ಉಳಿಯುವುದೇ ಹಿಸ್ಟಮಿನ್. ದೇಹಕ್ಕೆ ಅದರಿಂದ ಏನಾಗುತ್ತದೆ ಎಂಬುದನ್ನು ಇಂಗ್ಲೆಂಡಿನ ಹೆನ್ರಿ ಡೇಲ್ ಮತ್ತು ಲೇಡ್ಲಾ 1910ರಲ್ಲಿ ವಿವರಿಸಿದರು. ಚರ್ಮ, ಮೂಗು, ಶ್ವಾಸನಾಳ, ಕರುಳುಗಳ ಅಂಗಾಂಶದಲ್ಲಿ ಮಾಸ್ಟ್ ಕೋಶಗಳು ಎಂಬ ಕಾವಲುಗಾರರಿದ್ದಾರೆ. ಅವು ಹಿಸ್ಟಮಿನ್ನನ್ನು ಮೊದಲೇ ತಯಾರಿಸಿ ಸಣ್ಣ ಸಣ್ಣ ಕಣಗಳಲ್ಲಿ ತುಂಬಿಟ್ಟುಕೊಂಡಿರುತ್ತವೆ. ತರಗತಿಯಲ್ಲಿ ನಾನು ಹೇಳಿದ್ದು: ಗೋಡೌನಿನಲ್ಲಿ ಕಾಫಿ ಮೂಟೆ ಕಟ್ಟಿಟ್ಟಂತೆ. ಬಾಗಿಲು ತೆರೆದರೆ ಸಾಕು, ಕೆಲವೇ ಕ್ಷಣಗಳಲ್ಲಿ ಮಾಲು ಹೊರಗೆ.

ಬಾಗಿಲು ತೆರೆಯುವ ಕೀಲಿಗಳು ಹಲವು. ಅಲರ್ಜಿ ಇರುವವರಲ್ಲಿ ಮಾಸ್ಟ್ ಕೋಶದ ಮೈಮೇಲೆ ಐಜಿಇ ಎಂಬ ಪ್ರತಿಕಾಯ ಅಂಟಿಕೊಂಡಿದ್ದು, ಅದಕ್ಕೆ ಗುರುತಿನ ವಸ್ತು ಸಿಕ್ಕಿದೊಡನೆ ಬಾಗಿಲು ತೆರೆಯುತ್ತದೆ. ಕಣಜದ ವಿಷಕ್ಕೆ ಅಷ್ಟೂ ಬೇಕಿಲ್ಲ. ಅದರಲ್ಲಿ ಮಾಸ್ಟ್ ಕೋಶವನ್ನು ನೇರವಾಗಿ ಕೆಣಕುವ ಪದಾರ್ಥವೂ ಇದೆ, ಒಂದಿಷ್ಟು ಹಿಸ್ಟಮಿನ್ನೂ ಇದೆ. ಅದಕ್ಕೇ ಅಲರ್ಜಿ ಇಲ್ಲದವರಿಗೂ ಕಚ್ಚಿದ ಜಾಗ ಊದಿಕೊಳ್ಳುತ್ತದೆ. ಹೊರಬಂದ ಹಿಸ್ಟಮಿನ್ ಸಣ್ಣ ರಕ್ತನಾಳಗಳನ್ನು ಹಿಗ್ಗಿಸುತ್ತದೆ, ಅವುಗಳ ಗೋಡೆಯಿಂದ ದ್ರವ ಜಿನುಗುವಂತೆ ಮಾಡುತ್ತದೆ, ನರದ ತುದಿಯನ್ನು ಕೆಣಕಿ ನವೆ ಹುಟ್ಟಿಸುತ್ತದೆ. ಕೆಂಪು, ಬಾವು, ತುರಿಕೆ. ಊರಿನವರು ಪಿತ್ತದ ಗಂದೆ ಎನ್ನುವುದರಲ್ಲಿಯೂ ಇದೇ ಮೂರು.

ಇದನ್ನು ತೋರಿಸಲು ಕಣಜ ಬೇಕಿಲ್ಲ. ಪೆನ್ನಿನ ಮುಚ್ಚಳದ ಮೊಂಡು ತುದಿಯಿಂದ ಮುಂಗೈ ಮೇಲೆ ತುಸು ಒತ್ತಿ ಒಂದು ಗೆರೆ ಎಳೆಯಿರಿ, ಚರ್ಮ ಗೀರಬಾರದು. ಗೆರೆ ಕೆಂಪಾಗುತ್ತದೆ, ಕೆಲವರಲ್ಲಿ ಸುತ್ತಲೂ ಕೆಂಪು ಹರಡುತ್ತದೆ, ಅಪರೂಪಕ್ಕೆ ಒಬ್ಬರಲ್ಲಿ ಗೆರೆ ಉಬ್ಬಿ ನಿಲ್ಲುತ್ತದೆ. ಈ ಮೂರು ಹಂತದ ಪ್ರತಿಕ್ರಿಯೆಯನ್ನು ಥಾಮಸ್ ಲೂಯಿಸ್ 1920ರ ದಶಕದಲ್ಲಿ ವಿವರಿಸಿದ್ದರು. ನನ್ನ ತರಗತಿಯಲ್ಲಿ ಒಬ್ಬಳ ಕೈಮೇಲೆ ಗೆರೆ ಚೆನ್ನಾಗಿ ಉಬ್ಬಿತು. ಉಳಿದವರೆಲ್ಲ ಅವಳ ಸುತ್ತ ನೆರೆದು ಐದು ನಿಮಿಷ ಪಾಠವೇ ನಿಂತಿತು. ಯೋಜನೆಯಲ್ಲಿ ಆ ಐದು ನಿಮಿಷ ಬಿಟ್ಟುಕೊಳ್ಳಿ.

ಈಗ ಮಾತ್ರೆ. ಹಿಸ್ಟಮಿನ್ ಕೆಲಸ ಮಾಡಬೇಕಾದರೆ ಕೋಶದ ಮೇಲಿರುವ ಗ್ರಾಹಕದಲ್ಲಿ ಕೂರಬೇಕು. ಬೀಗ-ಕೀಲಿಯ ಹೋಲಿಕೆ ಎಲ್ಲ ಪುಸ್ತಕದಲ್ಲೂ ಇದೆ, ನನಗೆ ಅದು ಸಾಲಲಿಲ್ಲ. ಜಾತ್ರೆ ದಿನದ ಬಸ್ಸು ನೆನಪಿಸಿಕೊಳ್ಳಿ. ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುತ್ತೇವೆ. ಆಂಟಿಹಿಸ್ಟಮಿನ್ ಆ ಟವೆಲ್. ಹಿಸ್ಟಮಿನ್ ಎಂಬ ಪ್ರಯಾಣಿಕ ನಾಶವಾಗಿಲ್ಲ, ಬಸ್ಸಿನಲ್ಲೇ ನಿಂತಿದ್ದಾನೆ, ಕೂರಲು ಜಾಗವಿಲ್ಲ ಅಷ್ಟೆ. ಈ ಒಂದು ಚಿತ್ರದಿಂದ ಎರಡು ಮಾತು ತಾವಾಗಿಯೇ ಹೊರಡುತ್ತವೆ. ಜನ ಕೂತ ಮೇಲೆ ಟವೆಲ್ ಎಸೆದರೆ ಪ್ರಯೋಜನ ಕಡಿಮೆ. ಅದಕ್ಕೇ ಅವೊಮಿನ್ನನ್ನು ಬಸ್ಸು ಹತ್ತುವ ಮೊದಲೇ ನುಂಗುವುದು, ವಾಂತಿ ಶುರುವಾದ ಮೇಲಲ್ಲ. ಇನ್ನೊಂದು, ಜನಸಂದಣಿ ವಿಪರೀತವಾದರೆ ಟವೆಲ್ ತೆಗೆದು ಬಿಸಾಡಿ ಕೂರುತ್ತಾರೆ. ಸಿದ್ಧಾಂತದಲ್ಲಿ ಇದನ್ನು ಸ್ಪರ್ಧಾತ್ಮಕ ತಡೆ ಎನ್ನುತ್ತಾರೆ. (ಗ್ರಾಹಕ ಬರೀ ಸುಮ್ಮನಿರುವ ಸೀಟಲ್ಲ, ಯಾರೂ ಕೂರದಿದ್ದರೂ ತುಸು ಚುರುಕಾಗಿರುತ್ತದೆ, ಈ ಮಾತ್ರೆಗಳು ಆ ಚುರುಕನ್ನೂ ತಗ್ಗಿಸುತ್ತವೆ ಎಂಬುದು ಈಚಿನ ತಿಳಿವಳಿಕೆ. ಪ್ರೌಢಶಾಲೆಗೆ ಅದು ಬೇಡ, ಪ್ರಶಿಕ್ಷಣಾರ್ಥಿಗೆ ಗೊತ್ತಿರಲಿ.)

ಇಂಥ ತಡೆಯ ಔಷಧ ಸಾಧ್ಯ ಎಂದು ಮೊದಲು ತೋರಿಸಿದವರು ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯ ಡೇನಿಯಲ್ ಬೊವೆ ಮತ್ತು ಆನ್-ಮರಿ ಸ್ಟಾಬ್, 1937ರಲ್ಲಿ. ಅವರ ಮೊದಲ ಸಂಯುಕ್ತ ಮನುಷ್ಯರಿಗೆ ಕೊಡಲಾರದಷ್ಟು ವಿಷಕಾರಿಯಾಗಿತ್ತು. ಬೊವೆಗೆ 1957ರಲ್ಲಿ ನೊಬೆಲ್ ಬಂತು.

ಇನ್ನು ಬಸ್ಸಿನ ಹುಡುಗಿಯ ಪ್ರಶ್ನೆ. ಹಿಸ್ಟಮಿನ್ ಚರ್ಮದಲ್ಲಿ ಮಾತ್ರ ಇಲ್ಲ, ಮಿದುಳಿನಲ್ಲಿಯೂ ಇದೆ. ಅಲ್ಲಿ ಅದು ಕಾವಲುಗಾರನಲ್ಲ, ನರಕೋಶದಿಂದ ನರಕೋಶಕ್ಕೆ ಹೋಗುವ ಸಂದೇಶ. ನಮ್ಮನ್ನು ಎಚ್ಚರವಾಗಿಡುವುದು ಅದರ ಒಂದು ಕೆಲಸ. ಒಳಕಿವಿಯ ಸಮತೋಲನದ ಸುದ್ದಿ ವಾಂತಿಯ ಕೇಂದ್ರಕ್ಕೆ ಮುಟ್ಟುವ ದಾರಿಯಲ್ಲಿಯೂ ಅದಕ್ಕೆ ಪಾಲಿದೆ. ಚಾರ್ಮಾಡಿಯ ತಿರುವುಗಳಲ್ಲಿ ಕಣ್ಣು ಎದುರಿನ ಸೀಟನ್ನು ನೋಡುತ್ತಾ ‘ನಾವು ಅಲ್ಲಾಡುತ್ತಿಲ್ಲ’ ಎನ್ನುತ್ತದೆ, ಒಳಕಿವಿ ‘ತಿರುಗುತ್ತಿದ್ದೇವೆ’ ಎನ್ನುತ್ತದೆ. ಈ ಜಗಳದ ಫಲ ಹೊಟ್ಟೆ ತೊಳಸುವುದು. ಅವೊಮಿನ್ನಿನಲ್ಲಿರುವ ಪ್ರೊಮೆಥಜಿನ್ ಹಳೆಯ ತಲೆಮಾರಿನ ಔಷಧ, ಮಿದುಳಿಗೆ ಸುಲಭವಾಗಿ ನುಗ್ಗುತ್ತದೆ. ಅಲ್ಲಿ ಹಿಸ್ಟಮಿನ್ನಿನ ಸೀಟಿಗೂ ಅಸಿಟೈಲ್‌ಕೋಲಿನ್ ಎಂಬ ಇನ್ನೊಂದು ಸಂದೇಶದ ಸೀಟಿಗೂ ಟವೆಲ್ ಹಾಕುತ್ತದೆ. ವಾಂತಿ ನಿಲ್ಲುತ್ತದೆ, ಜೊತೆಗೆ ಕೊಟ್ಟಿಗೆಹಾರ ದಾಟುವಷ್ಟರಲ್ಲಿ ಮಗು ನಿದ್ದೆ ಹೋಗುತ್ತದೆ, ಬಾಯಿ ಒಣಗುತ್ತದೆ. ಎರಡು ವರ್ಷದೊಳಗಿನ ಮಕ್ಕಳಿಗೆ ಇದನ್ನು ಕೊಡಲೇಬಾರದು; ಉಸಿರಾಟ ಕುಗ್ಗುವ ಅಪಾಯವಿದೆ. ಹೊಸ ತಲೆಮಾರಿನ ಸಿಟ್ರಿಜಿನ್ ಮಿದುಳಿಗೆ ಹೋಗುವುದು ತೀರ ಕಡಿಮೆ. ಆದ್ದರಿಂದ ನಿದ್ದೆಯೂ ಕಡಿಮೆ, ಘಾಟಿಯ ವಾಂತಿಗೆ ಉಪಯೋಗವೂ ಇಲ್ಲ.

ನಿದ್ದೆಯ ವಿಷಯವನ್ನು ನಾನು ಮೊದಲ ಪಾಠದಲ್ಲಿ ‘ಅಡ್ಡಪರಿಣಾಮ’ ಎಂದು ಒಂದೇ ಸಾಲಿನಲ್ಲಿ ದಾಟಿಸಿದ್ದೆ. ಸಂಸೆಯಲ್ಲಿ ಹಾಗೆ ದಾಟಿಸುವಂತಿಲ್ಲ. ಮಳೆಗಾಲದಲ್ಲಿ ನೆಗಡಿಗೆ ಎವಿಲ್ಲನ್ನೋ ಕ್ಲೋರ್‌ಫೆನಿರಮಿನ್ ಬೆರೆತ ಶೀತದ ಮಾತ್ರೆಯನ್ನೋ ನುಂಗಿ, ಕೊಳೆರೋಗಕ್ಕೆ ಬೋರ್ಡೋ ಹೊಡೆಯಲು ಅಡಿಕೆ ಮರ ಹತ್ತುವವರಿದ್ದಾರೆ. ಮೆಣಸು ಕೊಯ್ಯಲು ಸಿಲ್ವರ್ ಓಕ್ ಮರಕ್ಕೆ ಏಣಿ ಇಡುವವರಿದ್ದಾರೆ. ‘ನಂಗೆ ನಿದ್ದೆ ಬಂದಿಲ್ಲ’ ಎನ್ನುವವರಲ್ಲಿಯೂ ಕೈಕಾಲಿನ ಚುರುಕು ತಗ್ಗಿರಬಹುದು, ಅದರ ಮೇಲೆ ಮದ್ಯ ಸೇರಿದರೆ ಇನ್ನೂ ಕಷ್ಟ. ಈ ಮಾತು ಹೇಳುವಾಗ ತರಗತಿ ಎಷ್ಟು ಸದ್ದಿಲ್ಲದೆ ಕೇಳಿತು ಎಂದರೆ, ಪಾಠದ ನಿಜವಾದ ಜಾಗ ಇದೇ ಇರಬೇಕು ಎನ್ನಿಸಿತು. ಮಕ್ಕಳ ವಿಷಯದಲ್ಲಿಯೂ ಒಂದು ಎಚ್ಚರಿಕೆ ಇದೆ: ಕ್ಲೋರ್‌ಫೆನಿರಮಿನ್ ಮತ್ತು ಫಿನೈಲ್‌ಎಫ್ರಿನ್ ಬೆರೆತ ಶೀತದ ಔಷಧವನ್ನು ನಾಲ್ಕು ವರ್ಷದೊಳಗಿನವರಿಗೆ ಬಳಸಬಾರದೆಂದು ಚೀಟಿಯ ಮೇಲೆ ಮುದ್ರಿಸಲು ಕೇಂದ್ರದ ಔಷಧ ನಿಯಂತ್ರಕರು 2023ರ ಡಿಸೆಂಬರ್‌ನಲ್ಲಿ ಸೂಚಿಸಿದ್ದಾರೆ.

ಮಾವನ ಕಥೆಗೆ ಬರುತ್ತೇನೆ. ಆ ಹುಡುಗ ಹೇಳಿದ್ದು ಅನಾಫಿಲಾಕ್ಸಿಸ್, ಅಂದರೆ ಇಡೀ ದೇಹದ ತೀವ್ರ ಅಲರ್ಜಿ. ಒಂದು ಗೋಡೌನಿನದಲ್ಲ, ಊರಿನ ಎಲ್ಲ ಗೋಡೌನುಗಳ ಬಾಗಿಲು ಒಟ್ಟಿಗೆ ತೆರೆದ ಸ್ಥಿತಿ. ದೇಹದ ತುಂಬ ರಕ್ತನಾಳಗಳು ಹಿಗ್ಗಿ ಸೋರುವುದರಿಂದ ರಕ್ತದೊತ್ತಡ ಕುಸಿಯುತ್ತದೆ. ಗಂಟಲು ಊದುತ್ತದೆ, ಶ್ವಾಸನಾಳ ಬಿಗಿಯುತ್ತದೆ. ಇಲ್ಲಿ ಮಾತ್ರೆ ಮೂರು ಕಾರಣಕ್ಕೆ ಸೋಲುತ್ತದೆ. ನುಂಗಿದ ಮಾತ್ರೆ ಕೆಲಸಕ್ಕೆ ಇಳಿಯಲು ಅರ್ಧ ಗಂಟೆಯೋ ಅದಕ್ಕಿಂತ ಹೆಚ್ಚೋ ಬೇಕು. ಪ್ರಾಣ ಹೋಗಲು ಅಷ್ಟು ಹೊತ್ತು ಬೇಡ. ಸೀಟುಗಳು ಆಗಲೇ ತುಂಬಿರುತ್ತವೆ. ಎಲ್ಲಕ್ಕಿಂತ ಮುಖ್ಯವಾಗಿ, ಮಾಸ್ಟ್ ಕೋಶದಿಂದ ಹೊರಬರುವುದು ಹಿಸ್ಟಮಿನ್ ಒಂದೇ ಅಲ್ಲ. ಲ್ಯೂಕೋಟ್ರೈನ್, ಪ್ರೋಸ್ಟಾಗ್ಲಾಂಡಿನ್ ಮುಂತಾದವು ಅದರ ಬೆನ್ನಿಗೇ ಬರುತ್ತವೆ, ಅವು ಕೂರುವ ಸೀಟುಗಳೇ ಬೇರೆ. ಎವಿಲ್ಲಿನ ಟವೆಲ್ ಅಲ್ಲಿಗೆ ಮುಟ್ಟುವುದೇ ಇಲ್ಲ. ಹತ್ತು ಮಾತ್ರೆ ಕೊಟ್ಟರೂ ಮುಟ್ಟುವುದಿಲ್ಲ. ‘ಡೋಸ್ ಕಡಿಮೆ’ ಎಂಬ ನನ್ನ ಮಾತು ಸುಳ್ಳಾದದ್ದು ಇಲ್ಲಿಯೇ.

ಹಾಗಾದರೆ ಆಸ್ಪತ್ರೆಯಲ್ಲಿ ಮಾವನನ್ನು ಉಳಿಸಿದ್ದೇನು? ಪಠ್ಯದಲ್ಲಿ ಮಕ್ಕಳು ಆಗಲೇ ಓದಿದ್ದ ಹಾರ್ಮೋನು, ಅಡ್ರಿನಾಲಿನ್. ಇಂಥ ಹೊತ್ತಿನಲ್ಲಿ ಅದನ್ನು ತೊಡೆಯ ಸ್ನಾಯುವಿಗೆ ಚುಚ್ಚುತ್ತಾರೆ. ಅದು ಯಾರ ಸೀಟಿಗೂ ಟವೆಲ್ ಹಾಕುವುದಿಲ್ಲ. ತನ್ನದೇ ಸೀಟಿನಲ್ಲಿ ಕೂತು ಎಲ್ಲವನ್ನೂ ಎದುರು ದಿಕ್ಕಿಗೆ ಎಳೆಯುತ್ತದೆ: ಹಿಗ್ಗಿದ ರಕ್ತನಾಳ ಕುಗ್ಗುತ್ತದೆ, ಬಿಗಿದ ಶ್ವಾಸನಾಳ ಸಡಿಲುತ್ತದೆ, ಹೃದಯ ಬಲವಾಗಿ ಬಡಿಯುತ್ತದೆ, ಮಾಸ್ಟ್ ಕೋಶಗಳ ಬಾಗಿಲೂ ತುಸು ಮುಚ್ಚಿಕೊಳ್ಳುತ್ತದೆ. ‘ಹೆದರಿದಾಗ ಎದೆ ಬಡಿದುಕೊಳ್ಳುವುದು’ ಎಂದು ಮಾತ್ರ ಅಡ್ರಿನಾಲಿನ್ ಗೊತ್ತಿದ್ದ ಮಕ್ಕಳಿಗೆ ಇದು ಹೊಸದು. ವಿಸ್ತರಣಾ ಪಾಠ ಮೂಲ ಅಧ್ಯಾಯಕ್ಕೆ ಮರಳಿ ಬೆಸೆದುಕೊಂಡದ್ದು ಈ ಹಂತದಲ್ಲಿ. ಇದನ್ನು ನಾನು ಯೋಜಿಸಿರಲಿಲ್ಲ.

ಕಪ್ಪುಹಲಗೆಯಲ್ಲಿ ಬರೆಸಿದ್ದು ಇಷ್ಟು. ಹೆಜ್ಜೇನು ಕಚ್ಚಿದ್ದರೆ ಮುಳ್ಳನ್ನು ತಡಮಾಡದೆ ಕೆರೆದು ತೆಗೆಯುವುದು. ಕಣಜ ಮುಳ್ಳು ಬಿಟ್ಟುಹೋಗುವುದಿಲ್ಲ. ಕಚ್ಚಿದ ಜಾಗದಲ್ಲಷ್ಟೇ ಬಾವು, ನವೆ ಇದ್ದರೆ ತಣ್ಣೀರ ಪಟ್ಟಿ, ಬೇಕಾದರೆ ಮಾತ್ರೆ. ಧ್ವನಿ ಒಡೆದರೆ, ತುಟಿ-ನಾಲಿಗೆ ಊದಿದರೆ, ಉಸಿರು ಕಟ್ಟಿದರೆ, ತಲೆ ತಿರುಗಿದರೆ, ಮೈತುಂಬ ಗಂದೆಯ ಜೊತೆ ವಾಂತಿ ಶುರುವಾದರೆ ಆ ಕ್ಷಣವೇ ಹೊರಡಬೇಕು. ಹತ್ತಾರು ಕಣಜಗಳು ಮುತ್ತಿದ್ದರೆ ಲಕ್ಷಣಕ್ಕೆ ಕಾಯುವುದೂ ಬೇಡ. 108ಕ್ಕೆ ಕರೆ ಮಾಡುವುದು, ಅದು ತಡವಾಗುವ ಜಾಗವಾದರೆ ಸಿಕ್ಕ ಜೀಪು. ತಲೆ ತಿರುಗುವವರನ್ನು ನಿಲ್ಲಿಸಿ ನಡೆಸಬಾರದು, ಕಾಲು ಎತ್ತರಿಸಿ ಮಲಗಿಸಿ ಒಯ್ಯಬೇಕು; ಉಸಿರು ಕಟ್ಟುವವರನ್ನು ಕೂರಿಸಿ.

ಗುಂಪು ಚಟುವಟಿಕೆಗೆ ಐದು ಕಾರ್ಡು ಮಾಡಿದ್ದೆ. ‘ಇಲ್ಲಿ ಆಂಟಿಹಿಸ್ಟಮಿನ್ ಕೆಲಸ ಮಾಡುತ್ತದೆಯೇ?’ ಎಂಬುದು ಪ್ರಶ್ನೆ. ಕಣಜ ಮತ್ತು ಘಾಟಿ ಎರಡು. ಮೂರನೆಯದು ಬಂಗುಡೆ. ಘಟ್ಟದ ಕೆಳಗಿನಿಂದ ಬರುವ ಮೀನು ದಾರಿಯಲ್ಲಿ ಐಸ್ ಇಲ್ಲದೆ ಬಿಸಿಯಾದರೆ, ಬ್ಯಾಕ್ಟೀರಿಯಾಗಳು ಅದರ ಮಾಂಸದಲ್ಲಿರುವ ಹಿಸ್ಟಿಡಿನ್ನನ್ನು ಹಿಸ್ಟಮಿನ್ ಮಾಡಿಬಿಡುತ್ತವೆ. ಎಷ್ಟು ಕುದಿಸಿದರೂ ಅದು ಹೋಗುವುದಿಲ್ಲ. ಉಂಡ ಒಂದು ಗಂಟೆಯೊಳಗೆ ಮುಖ ಕೆಂಪೇರಿ, ತಲೆನೋವು, ಗಂದೆ. ‘ನಂಗೆ ಮೀನು ಆಗಲ್ಲ’ ಎಂದು ಜನ ಜೀವಮಾನವಿಡೀ ಬಂಗುಡೆ ಬಿಡುತ್ತಾರೆ. ಅದು ಅಲರ್ಜಿಯಲ್ಲ, ಹೊರಗಿನಿಂದ ಬಂದ ಹಿಸ್ಟಮಿನ್. ಇಲ್ಲಿ ಮಾತ್ರೆ ಚೆನ್ನಾಗಿಯೇ ಕೆಲಸ ಮಾಡುತ್ತದೆ.

ನಾಲ್ಕನೆಯದು ನಸುಗುನ್ನಿ. ಎಲ್ಲ ಗುಂಪುಗಳೂ ‘ಮಾಡುತ್ತದೆ’ ಎಂದವು, ಅಷ್ಟು ನವೆ ಬರುವಾಗ ಹಿಸ್ಟಮಿನ್ ಇರಲೇಬೇಕಲ್ಲ! ಆದರೆ ನಸುಗುನ್ನಿ ಕಾಯಿಯ ರೋಮದಲ್ಲಿರುವುದು ಪ್ರೋಟೀನನ್ನು ಕತ್ತರಿಸುವ ಒಂದು ಕಿಣ್ವ, ಅದು ನರದ ತುದಿಯಲ್ಲಿರುವ ಬೇರೊಂದು ಗ್ರಾಹಕವನ್ನು ಕೆಣಕುತ್ತದೆ. ಹಿಸ್ಟಮಿನ್ನಿಗೆ ಟವೆಲ್ ಹಾಕಿ ಏನು ಬಂತು? ಐದನೆಯದು ಹೊಲಗೇರು. ಅದರ ಸೊನೆ ತಾಗಿದರೆ ಗುಳ್ಳೆ ಏಳುವುದು ಕೂಡಲೇ ಅಲ್ಲ, ಒಂದೆರಡು ದಿನ ಕಳೆದ ಮೇಲೆ. ಅದು ಬಿಳಿ ರಕ್ತಕಣಗಳ ನಿಧಾನದ ಅಲರ್ಜಿ; ವೈದ್ಯರು ಕೊಡುವ ಮುಲಾಮೇ ಬೇರೆ. ತುರಿಕೆಯೆಲ್ಲ ಒಂದೇ ಅಲ್ಲ ಎಂಬುದು ಈ ಎರಡು ಕಾರ್ಡುಗಳಿಂದ ತಿಳಿದಷ್ಟು ನನ್ನ ವಿವರಣೆಯಿಂದ ತಿಳಿಯಲಿಲ್ಲ.

‘ಗ್ಯಾಸ್ ಮಾತ್ರೆ’ಯ ಪ್ರಶ್ನೆ ಬರುತ್ತದೆ, ಸಿದ್ಧವಾಗಿರಿ. ಜಠರದ ಆಮ್ಲ ಸುರಿಯಲೂ ಹಿಸ್ಟಮಿನ್ನೇ ಹೇಳಿಕಳಿಸಬೇಕು, ಆದರೆ ಅಲ್ಲಿಯ ಸೀಟು ಇನ್ನೊಂದು ಬಗೆಯದು, ಎಚ್2. ಎವಿಲ್ ಅದಕ್ಕೆ ಹೊಂದುವುದಿಲ್ಲ. ಎಚ್2ಕ್ಕೆ ಹೊಂದುವ ಸಿಮೆಟಿಡಿನ್ ಅನ್ನು ಜೇಮ್ಸ್ ಬ್ಲ್ಯಾಕ್ ತಂಡ ರೂಪಿಸಿ 1976ರಲ್ಲಿ ಮಾರುಕಟ್ಟೆಗೆ ಬಂತು. ರ‍್ಯಾನಿಟಿಡಿನ್ ಅದರ ತಮ್ಮ.

ಪ್ರೋಸ್ಟಾಗ್ಲಾಂಡಿನ್ ಬಗ್ಗೆ ಇನ್ನೊಂದು ಅವಧಿ ತೆಗೆದುಕೊಂಡೆ. ಇದರಲ್ಲಿ ಟವೆಲ್ ಬಿಡಬೇಕು, ಹೋಲಿಕೆ ಮುರಿಯುತ್ತದೆ. ಪ್ರೋಸ್ಟಾಗ್ಲಾಂಡಿನ್‌ಗೆ ಗೋಡೌನೇ ಇಲ್ಲ. ಬೇಕಾದಾಗ ಬಿಸಿಬಿಸಿ ತಯಾರಾಗುತ್ತದೆ. ಕಚ್ಚಾಮಾಲು ಕೋಶದ ಪೊರೆಯಲ್ಲಿಯೇ ಇದೆ. ಬೇಲಿಯ ಗೂಟ ಕಿತ್ತು ಸೌದೆ ಮಾಡಿಕೊಂಡಂತೆ, ಪೊರೆಯ ಕೊಬ್ಬಿನಿಂದ ಅರಾಕಿಡೋನಿಕ್ ಆಮ್ಲ ಕಿತ್ತು, ಅದನ್ನು ಕಾಕ್ಸ್ ಎಂಬ ಕಿಣ್ವಕ್ಕೆ ಹಾಕಿದರೆ ಪ್ರೋಸ್ಟಾಗ್ಲಾಂಡಿನ್. ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೋಫೆನಾಕ್ ಸೀಟು ಹಿಡಿಯುವುದಿಲ್ಲ, ಈ ಪಲ್ಪರ್ ಯಂತ್ರವನ್ನೇ ನಿಲ್ಲಿಸುತ್ತವೆ. ಆಸ್ಪಿರಿನ್ 1899ರಿಂದ ಮಾರಾಟದಲ್ಲಿದ್ದರೂ ಈ ಗುಟ್ಟನ್ನು ಜಾನ್ ವೇನ್ ಬಿಡಿಸಿದ್ದು 1971ರಲ್ಲಿ; 1982ರ ನೊಬೆಲ್ ಬಹುಮಾನದಲ್ಲಿ ಅವರಿಗೂ ಪಾಲಿತ್ತು.

ತೊಡಕು ಏನೆಂದರೆ ಯಂತ್ರ ನಿಂತರೆ ನೋವು, ಜ್ವರ, ಬಾವಿನ ಜೊತೆ ಒಳ್ಳೆಯ ಕೆಲಸಗಳೂ ನಿಲ್ಲುತ್ತವೆ. ಜಠರದ ಒಳಗೋಡೆಯ ಲೋಳೆ ಕಾಯುವುದು ಪ್ರೋಸ್ಟಾಗ್ಲಾಂಡಿನ್. ನೋವಿನ ಮಾತ್ರೆಯಿಂದ ಹೊಟ್ಟೆ ಉರಿಯುವುದು ಅದಕ್ಕೆ. ಮೂತ್ರಪಿಂಡದ ರಕ್ತಸಂಚಾರಕ್ಕೂ ಅದು ಬೇಕು. ರಕ್ತದ ಕಿರುತಟ್ಟೆಗಳು ಒಂದಕ್ಕೊಂದು ಅಂಟಲು ಬೇಕಾದ ಥ್ರೋಂಬಾಕ್ಸೇನ್ ತಯಾರಾಗುವುದೂ ಇದೇ ಯಂತ್ರದಲ್ಲಿ. ಆಸ್ಪಿರಿನ್ ಅದನ್ನು ರಿಪೇರಿ ಆಗದಂತೆ ಕೆಡಿಸುತ್ತದೆ. ಕಿರುತಟ್ಟೆಗೆ ಕೋಶಕೇಂದ್ರವಿಲ್ಲ, ಹೊಸ ಯಂತ್ರ ಮಾಡಿಕೊಳ್ಳಲಾರದು, ವಾರದಿಂದ ಹತ್ತು ದಿನ ಅದು ಬದುಕಿರುವಷ್ಟು ಕಾಲವೂ ಕೆಲಸಕ್ಕೆ ಬಾರದು. ಹೃದಯಾಘಾತವಾದವರಿಗೆ ದಿನಕ್ಕೆ 75 ಮಿಲಿಗ್ರಾಂ ಕೊಡುವುದು ಈ ಗುಣಕ್ಕಾಗಿ. ಮಂಗನ ಕಾಯಿಲೆಯಲ್ಲಿ ಅದೇ ಗುಣ ಶತ್ರು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಈ ಜ್ವರ ನಮ್ಮ ಜಿಲ್ಲೆಯಲ್ಲಿಯೂ ಕಾಣಿಸಿಕೊಂಡಿದೆ. ಅದರಲ್ಲಿ, ಡೆಂಗಿಯಲ್ಲಿ ಇರುವಂತೆಯೇ, ರಕ್ತಸ್ರಾವದ ಭಯವಿದೆ. ಮೈಕೈ ನೋವು ತಾಳದೆ ಅಂಗಡಿಯ ನೋವಿನ ಮಾತ್ರೆ ನುಂಗಿದರೆ ಆ ಭಯ ಹೆಚ್ಚುತ್ತದೆ. ಕಾಡಿಗೆ ಹೋಗಿ ಬಂದವರಿಗೆ ಜ್ವರ ಬಂದರೆ ಪ್ಯಾರಾಸಿಟಮಾಲ್ ಮಾತ್ರ, ಜೊತೆಗೆ ರಕ್ತಪರೀಕ್ಷೆ. ಪ್ಯಾರಾಸಿಟಮಾಲ್ ಹೆಚ್ಚಾಗಿ ಮಿದುಳಿನ ಮಟ್ಟದಲ್ಲಿ ಕೆಲಸ ಮಾಡುವುದರಿಂದ ಕಿರುತಟ್ಟೆಗಳನ್ನು ಅಷ್ಟಾಗಿ ಮುಟ್ಟುವುದಿಲ್ಲ.

ಮೌಲ್ಯಮಾಪನಕ್ಕೆ ಒಂದೇ ಪ್ರಶ್ನೆ ಕೊಟ್ಟೆ: ‘ಕಣಜ ಕಚ್ಚಿದವರ ಧ್ವನಿ ಒಡೆಯುತ್ತಿದೆ. ಮನೆಯಲ್ಲಿ ಎವಿಲ್ ಇದೆ, ಪಕ್ಕದ ಮನೆಯಲ್ಲಿ ಜೀಪು ಇದೆ. ಏನು ಮಾಡುವಿರಿ? ಕಾರಣ ಬರೆಯಿರಿ.’ ಮೂವತ್ತನಾಲ್ಕರಲ್ಲಿ ಇಪ್ಪತ್ತೊಂಬತ್ತು ಮಂದಿ ಜೀಪು ಎಂದು ಬರೆದರು. ಒಬ್ಬ ಸುಣ್ಣ ಹಚ್ಚಿದ. ಮಾವನ ಕಥೆ ಹೇಳಿದ ಹುಡುಗನ ಉತ್ತರ ಒಂದೂವರೆ ಸಾಲು: ‘ಜೀಪು. ಟವೆಲ್ ಹಾಕುವಷ್ಟರಲ್ಲಿ ಸೀಟು ತುಂಬಿರುತ್ತದೆ, ಬೇರೆ ಸೀಟೂ ಇದೆ.’

ಉಳಿದ ನಾಲ್ವರು ‘ಎವಿಲ್ ಕೊಟ್ಟು ಜೀಪು ಹತ್ತಿಸುತ್ತೇವೆ’ ಎಂದಿದ್ದರು. ಅರ್ಧ ಅಂಕ ಕಳೆದೆ. ಮಾರ್ಗದರ್ಶಿ ಶಿಕ್ಷಕರು ಉತ್ತರಪತ್ರಿಕೆ ತಿರುವಿ ನೋಡಿ, “ಮಾತ್ರೆ ಕೊಟ್ಟು ಎಷ್ಟು ಹೊತ್ತು ಕಾಯ್ತಾರೆ ಅಂತ ಕೇಳಿದ್ರಾ?” ಎಂದರು. ಮರುದಿನ ನಾಲ್ವರನ್ನೂ ಕರೆದು ಕೇಳಿದೆ. “ಕಾಯಲ್ಲ ಮಿಸ್, ಜೀಪಲ್ಲೇ ಕೊಡ್ತೀವಿ. ನುಂಗಕ್ಕೆ ಆಗ್ದಿದ್ರೆ ಬಿಡ್ತೀವಿ” ಎಂದರು. ಕಳೆದ ಅರ್ಧ ಅಂಕವನ್ನು ಮತ್ತೆ ಹಾಕಿಕೊಟ್ಟೆ.